ಜುಲುಮೆ ಕುಳಿತಿದ್ದ ತಿರುವು

ಮೊನ್ನೆ ಸ್ಟೇಷನ್ ರಸ್ತೆಯ ಅಂಗಡಿಯೊಂದರಲ್ಲಿ ಎಣ್ಣೆ ಸವರಿದ ಚರ್ಮದ ವಾಸನೆ ಬಂತು. ಕೊಳ್ಳಲು ಹೋದದ್ದು ಕೊಡೆ… ಅದನ್ನು ಹಿಡಿದು ಹಾಗೇ ನಿಂತುಬಿಟ್ಟೆ. ಇಬ್ರಾಹಿಂಪುರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಮುದುಕಿ ನೆನಪಾದರು. ಓಣಿಗೆಲ್ಲ ಅವರು 'ಆಯಿ'. ತಲೆಗೆ ಹಚ್ಚುವ ಎಣ್ಣೆಯನ್ನೇ ಚಪ್ಪಲಿಗೂ ಹಚ್ಚುತ್ತಿದ್ದರು.

ಓಣಿಯ ತಿರುವಿನಲ್ಲಿ ಖಾಲಿ ಜಾಗವೊಂದಿತ್ತು. ಜಾಲಿ ಗಿಡ, ಅದರಡಿ ಒಂದು ಕಲ್ಲು, ಅಷ್ಟೇ. ಅಲ್ಲಿಗೆ ಬಂದೊಡನೆ ಆಯಿ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು, ತಲೆ ತಗ್ಗಿಸಿ ನಡೆಯುತ್ತಿದ್ದರು. ದಾಟಿದ ಮೇಲೆಯೇ ಮತ್ತೆ ಮೆಟ್ಟುವುದು. ಮಟಮಟ ಮಧ್ಯಾಹ್ನದ ಬಿಸಿಲಲ್ಲೂ.

"ಅಲ್ಲಿ ಯಾರದಾರ ಆಯಿ?" ಎಂದು ಒಮ್ಮೆ ಕೇಳಿದೆ.

"ಗೌಡ್ರು ಕುಂತಾರವ್ವಾ," ಎಂದರು, ದನಿ ತಗ್ಗಿಸಿ. "ನಮ್ಮೂರಾಗ ಅವ್ರ ವಾಡೇದ ಮುಂದ ನಮ್ಮ ಮಂದಿ ಚಪ್ಪಲಿ ಮೆಟ್ಟಿ ಹೋಗಂಗಿದ್ದಿಲ್ಲ. ಗೌಡ್ರು ಸತ್ರು, ವಾಡೇನೂ ಬಿತ್ತು. ಆದ್ರ ನಾ ಎಲ್ಲಿ ಮನಿ ಮಾಡಿದ್ರೂ ತಿರುವಿನ್ಯಾಗ ಬಂದು ಕುಂದರ್ತಾರ."

ನಗಬೇಕೆಂದುಕೊಂಡೆ, ಆಗಲಿಲ್ಲ. ಓಣಿಯೆಲ್ಲ ಧೂಳು, ಆ ಕಲ್ಲಿನ ಮೇಲೆ ಮಾತ್ರ ಇರಲಿಲ್ಲ…

ಒಂದು ಸಂಜೆ ಆಯಿಯ ಪುಟ್ಟ ಮೊಮ್ಮಗಳು ಶಾಲೆಯಿಂದ ಒಬ್ಬಳೇ ಬರುತ್ತಿದ್ದಳು. ತಿರುವಿನಲ್ಲಿ ನಿಂತಳು. ಬೂಟು ಬಿಚ್ಚಿ ಎದೆಗೊತ್ತಿಕೊಂಡು ದಾಟಿದಳು. ನನ್ನ ಜೊತೆ ಕಟ್ಟೆಯ ಮೇಲೆ ಕುಳಿತಿದ್ದ ಆಯಿಯ ಮುಖ ಕಪ್ಪಿಟ್ಟಿತು.

"ಯವ್ವಾ, ಇದಕ್ಕೂ ಕಾಣಾಕತ್ತಾರಲ್ಲ!"

"ಇದು ಜುಲುಮಿ ಆಯಿ," ಎಂದೆ.

ಪದ ನಾಲಿಗೆಗೆ ಬಂದರೆ ನಿಘಂಟು ತೆರೆಯುವುದು ಕಾನ್ವೆಂಟಿನಲ್ಲಿ ಸಿಸ್ಟರ್ ಹಚ್ಚಿದ ಚಟ. ಮರುದಿನ ಆಯಿಗೆ ಹೇಳಿದೆ: ಜುಲುಮೆ ನಮಗೆ ಉರ್ದುವಿನ ಕಡೆಯಿಂದ ಬಂದದ್ದು, ಅದರ ಬೇರು ಅರಬ್ಬಿಯಲ್ಲಿದೆ. ಅಲ್ಲಿ ಕತ್ತಲೆಗಿರುವ ಪದವೂ ಅದೇ ಬೇರಿನದು. ಒಂದು ವಸ್ತುವನ್ನು ಅದರದಲ್ಲದ ಜಾಗದಲ್ಲಿ ಇಡುವುದಕ್ಕೆ ಜುಲುಮೆ ಎನ್ನುತ್ತಿದ್ದರಂತೆ.

ಆಯಿ ತಮ್ಮ ಅಂಗೈಯನ್ನೇ ನೋಡುತ್ತ ಕುಳಿತರು.

"ಕಾಲಾಗಿಂದು ಕೈಯಾಗ ಹಿಡಿಸಿದ್ರಲ್ಲ… ಅದ ಹೌದಿಲ್ಲೋ?"

ಮರುದಿನ ಬೆಳಿಗ್ಗೆ ಮೊಮ್ಮಗಳ ಕೈ ಹಿಡಿದು ಹೊರಟರು. ನಾನು ಬಾಗಿಲಲ್ಲಿ ನಿಂತಿದ್ದೆ. ತಿರುವಿನಲ್ಲಿ ಚಪ್ಪಲಿ ಬಿಚ್ಚಲೆಂದು ಬಗ್ಗಿದರು… ಬಿಚ್ಚದೆ ನೆಟ್ಟಗಾದರು.

"ಕುಂದರ್ರಿ ಗೌಡ್ರ, ಕುಂದರ್ರಿ! ನಮಗ ಎದ್ದು ನಿಂದರಬ್ಯಾಡ್ರಿ!"

ಮೊಮ್ಮಗಳು ಕಿಲಕಿಲ ನಕ್ಕಳು. ಇಬ್ಬರೂ ಕಾಲ್ಸಪ್ಪಳ ಮಾಡುತ್ತ ದಾಟಿದರು.

ಆಯಿ ಹೋಗಿ ವರ್ಷಗಳಾದವು. ಮೊಮ್ಮಗಳೀಗ ಕಾಲೇಜಿಗೆ ಹೋಗುತ್ತಾಳೆ. ಫೋನಿನಲ್ಲಿ ಮಾತಾಡುತ್ತ ಆ ತಿರುವನ್ನು ದಾಟಿಬಿಡುತ್ತಾಳೆ. ಅವಳಿಗೆ ಏನೂ ನೆನಪಿಲ್ಲ. ಅಲ್ಲಿ ನಿಲ್ಲುವವಳು ನಾನು. ಗೌಡರು ಎದ್ದು ಹೋದರೋ, ಇನ್ನೂ ಕುಳಿತಿದ್ದಾರೋ… ಕೇಳೋಣವೆಂದರೆ, ಕಂಡು ಹೇಳುವವರೇ ಇಲ್ಲ.