ಇಸ್ತ್ರಿ ಹಾಕಿದ ಹಾಡು

ಆ ಬೀದಿಯ ಜನಕ್ಕೆ ಒಂದು ಹಾಡು ತಪ್ಪಾಗಿ ಬರುತ್ತದೆ. ಒಬ್ಬಿಬ್ಬರಿಗಲ್ಲ, ಬೀದಿಗೆ ಬೀದಿಗೇ. ದೋಣಿಯವನೊಬ್ಬ ತನ್ನವಳಿಗೆ ಹಾಡುವ ಹಳೆಯ ಹಾಡು ಅದು. ಬೇರೆ ಕಡೆ ಜನ ಅದನ್ನು ಚುರುಕಾಗಿ, ಚಪ್ಪಾಳೆ ತಟ್ಟುತ್ತ ಹಾಡುತ್ತಾರಂತೆ. ಈ ಬೀದಿಯವರು ಮಾತ್ರ ಊಟ ಮುಗಿಸಿ ಗೋಡೆಗೊರಗಿದವರ ಹಾಗೆ ಎಳೆದೆಳೆದು ಹಾಡುತ್ತಾರೆ, ನಡುವೆ ಒಂದು ಸಾಲನ್ನು ನುಂಗಿಯೂ ಬಿಡುತ್ತಾರೆ. ಇಲ್ಲಿಂದ ಮದುವೆಯಾಗಿ ಹೋದ ಹುಡುಗಿಯೊಬ್ಬಳು ಬಸ್ಸಿನಲ್ಲಿ ಮೊದಲ ಸಲ ಅಸಲಿ ಹಾಡು ಕೇಳಿ, "ಇವನ ಹಿಂದೆ ಯಾರು ನಾಯಿ ಬಿಟ್ಟಿದ್ದಾರೆ?" ಅಂದಳಂತೆ.

ಇದಕ್ಕೆಲ್ಲ ಕಾರಣ ಬೀದಿಯ ತಿರುವಿನ ಇಸ್ತ್ರಿ ಅಂಗಡಿ. ಅಂಗಡಿ ಅಂದರೆ ಮನೆಯ ಮುಂದಿನ ಕೋಣೆಯೇ. ಅಗಲವಾದ ಮೇಜು, ಅದರ ಮೇಲೆ ಮಡಿಸಿದ ಕಂಬಳಿ, ಕಂಬಳಿಯ ಮೇಲೆ ಬಿಳಿ ದುಪ್ಪಟಿ. ಕೆಂಡ ಹಾಕುವ ದಪ್ಪ ಇಸ್ತ್ರಿ ಪೆಟ್ಟಿಗೆ. ಯಜಮಾನನಿಗೆ ಬೀದಿಯವರು ಇಟ್ಟ ಹೆಸರು ಗರಿಗರಿ. ಅವನ ಕೈಯಿಂದ ಬಂದ ಅಂಗಿ ತಾನಾಗಿಯೇ ನಿಲ್ಲುತ್ತದೆ ಅನ್ನುವಷ್ಟು ಗರಿಗರಿ. ಕರೆಂಟಿನ ಪೆಟ್ಟಿಗೆ ತಗೋ ಮಾರಾಯ ಅಂತ ಯಾರಾದರೂ ಅಂದರೆ, "ಅದಕ್ಕೆ ತೂಕಾನೇ ಇಲ್ಲ, ಬಟ್ಟೆ ಹೆದರೋದಾದ್ರೂ ಯಾಕೆ?" ಅನ್ನುತ್ತಿದ್ದ. ಬಾಯಿ ಅಂದರೆ ಬಾಯಿ ಅವನದು. ಬಟ್ಟೆ ಕೊಡಲು ಬಂದವರು ಕಾಲು ಗಂಟೆ ನಿಲ್ಲದೆ ಹೋದದ್ದಿಲ್ಲ.

ಅವನ ಹೆಂಡತಿ ಮಾತು ಕಡಿಮೆಯವಳು. ಅವನು ಹಗಲೆಲ್ಲ ಇಬ್ಬರ ಪಾಲಿನದನ್ನೂ ಆಡಿ ಮುಗಿಸುತ್ತಿದ್ದಾಗ ಇವಳಿಗೇನು ಕೆಲಸ? ಅಂಗಿಗಳಿಗೆ ನೀರು ಚಿಮುಕಿಸುವುದು, ಸುರುಳಿ ಸುತ್ತಿಡುವುದು, ಅವನ ಕೈ ಸೋತರೆ ತಾನು ಪೆಟ್ಟಿಗೆ ಹಿಡಿಯುವುದು, ಇಷ್ಟೇ. ಮಧ್ಯಾಹ್ನದ ಹೊತ್ತು ಒದ್ದೆ ಬಟ್ಟೆಯಿಂದ ಆವಿ ಏಳುತ್ತಿತ್ತು. ಕಿಟಕಿಯ ಬಿಸಿಲು ಆ ಆವಿಯೊಳಗೆ ನಿಂತು ಮಸುಕಾಗುತ್ತಿತ್ತು. ಮೂಲೆಯ ಹಲಗೆಯ ಮೇಲೆ ಟೇಪ್ ರೆಕಾರ್ಡರ್ ತನ್ನ ಪಾಡಿಗೆ ತಾನು ಹಾಡುತ್ತಿತ್ತು. ಅವಳಿಗೆ ಎಷ್ಟೋ ಸಲ ತಾನು ಎಚ್ಚರವಿದ್ದೇನೋ ನಿದ್ದೆಯಲ್ಲಿದ್ದೇನೋ ತಿಳಿಯುತ್ತಿರಲಿಲ್ಲ. ಕೈ ಮಾತ್ರ ಹಾಡಿನ ಜೊತೆ ಹೋಗುತ್ತಿತ್ತು, ಬರುತ್ತಿತ್ತು.

ಆ ಟೇಪ್ ರೆಕಾರ್ಡರಿನ ಕತೆಯೇ ಬೇರೆ. ಅದರೊಳಗಿನ ಬೆಲ್ಟು ಎಂದೋ ಹರಿದುಹೋದಾಗ ಗರಿಗರಿ ಸೈಕಲ್ ಟ್ಯೂಬಿನಿಂದ ಸಣ್ಣದೊಂದು ಉಂಗುರ ಕತ್ತರಿಸಿ ಹಾಕಿದ್ದ. ಉಂಗುರ ಸಡಿಲ. ಅದಕ್ಕೇ ಹಾಡು ನಿಧಾನ. ಗಂಡಸು ಹಾಡಿದರೆ ಈಗಷ್ಟೇ ಹೊಟ್ಟೆ ತುಂಬ ಉಂಡವನ ದನಿ, ಹೆಂಗಸು ಹಾಡಿದರೆ ನೆಗಡಿಯಾದ ಗಂಡಸಿನ ದನಿ. ಇಸ್ತ್ರಿಯವಳ ತಮ್ಮ ಫ್ಯಾನು ಮಿಕ್ಸಿ ರಿಪೇರಿ ಮಾಡುವವನು. ಬಂದಾಗಲೆಲ್ಲ ಅವನಿಗೆ ಕೈ ತುರಿಸುತ್ತಿತ್ತು.

"ಭಾವ, ಒಂದು ಹೊಸ ಬೆಲ್ಟ್ ಹಾಕಿಕೊಡ್ಲಾ?"

"ಅದಕ್ಕೆ ಕೈ ಹಚ್ಚಿದ್ಯೋ, ನಿನ್ನ ಅಂಗಿಗೆ ಸುಕ್ಕು ಹಾಕಿ ಕೊಡ್ತೀನಿ ನೋಡು," ಅನ್ನುತ್ತಿದ್ದ ಭಾವ. ಅಲ್ಲಿಗೆ ಆ ಮಾತು ಮುಗಿಯುತ್ತಿತ್ತು.

ಇನ್ನು ಆ ನುಂಗಿಹೋದ ಸಾಲು. ಅದು ಇಸ್ತ್ರಿಯವಳ ಕೈಕೆಲಸ. ಮದುವೆಯಾದ ಹೊಸತರಲ್ಲಿ ಒಂದು ದಿನ ಕ್ಯಾಸೆಟ್ಟಿನ ಟೇಪು ಸಿಕ್ಕಿಹಾಕಿಕೊಂಡು ಹೊರಗೆ ಬಂತು, ಒಂದು ಗೇಣು ಪೂರಾ ಸುಕ್ಕುಸುಕ್ಕು. ಗಂಡ ಕೆಂಡ ತರಲು ಹೋಗಿದ್ದ. ಅವಳು ನೋಡಿದಳು. ಸುಕ್ಕು ಕಂಡರೆ ಏನು ಮಾಡಬೇಕು ಅಂತ ಆ ಮನೆಯಲ್ಲಿ ಯಾರಿಗೆ ಗೊತ್ತಿಲ್ಲ? ಟೇಪಿನ ಮೇಲೆ ಒದ್ದೆ ಬಟ್ಟೆ ಹಾಸಿ, ತುಂಬಾ ಹಗುರವಾಗಿ, ತುಂಬಾ ಪ್ರೀತಿಯಿಂದ, ಇಸ್ತ್ರಿ ಹಾಕಿದಳು. ಬಟ್ಟೆ ಎತ್ತಿದರೆ ಟೇಪು ಕರಗಿ ಹುಳದ ಹಾಗೆ ಮುದುಡಿತ್ತು. ಗಂಡ ಬಂದಾಗ ಅವಳು ಪೆಟ್ಟಿಗೆ ಹಿಡಿದುಕೊಂಡೇ ಅಳುತ್ತಿದ್ದಳು.

ಅವನು ಬಯ್ಯಲಿಲ್ಲ. ಬಯ್ಯುವುದಿರಲಿ, ನಕ್ಕು ನಕ್ಕು ಮೇಜು ಹಿಡಿದುಕೊಂಡ. "ಸುಕ್ಕು ತೆಗೀತೀನಂತ ಹೋಗಿ ಹಾಡನ್ನೇ ತೆಗೆದ್ಯಲ್ಲೇ!" ಸುಟ್ಟ ತುಂಡನ್ನು ಕತ್ತರಿಸಿ ಬಿಸಾಡಿದ, ಖಾಲಿ ಕ್ಯಾಸೆಟ್ಟಿನ ತುಂಡೊಂದನ್ನು ಅಲ್ಲಿ ಅಂಟಿಸಿದ. ಅಂದಿನಿಂದ ಹಾಡು 'ಹೊತ್ತಾದರೂ ಬರುವೆ, ಬಾಗಿಲು ಹಾಕಬೇಡ' ಅನ್ನುವಲ್ಲಿಗೆ ಬಂದು ನಿಂತುಬಿಡುತ್ತದೆ. ಬರೀ ಸರಸರ ಸದ್ದು. ಆಮೇಲೆ ಮುಂದಿನ ಸಾಲು. ಆ ಖಾಲಿ ಜಾಗ ಬಂದಾಗಲೆಲ್ಲ ಗರಿಗರಿ ಪೆಟ್ಟಿಗೆ ಎತ್ತಿ ಪಕ್ಕಕ್ಕಿಟ್ಟು ಕೂಗುತ್ತಿದ್ದ:

"ಸುಟ್ಟೋಳೇ, ಟೀ ತಾ!"

ಅದು ಅವಳಿಗೆ ಹಾಕಿದ ದಂಡ. ಅವಳೂ ಒಳಗಿಂದ ಅದೇ ಉತ್ತರ ಕೊಡುತ್ತಿದ್ದಳು. "ಬಂದೆ ಕಣ್ರೀ, ಟೀ ಇಲ್ದಿದ್ರೆ ಊರೇನೂ ಮುಳುಗಲ್ಲ." ಹೀಗೆ ವರ್ಷಗಳು ಹೋದವು. ಮಗಳು ಹುಟ್ಟಿ, ಬೆಳೆದು, ಔಷಧಿ ಅಂಗಡಿಯಲ್ಲಿ ಕೆಲಸಕ್ಕೂ ಸೇರಿದಳು. ಹಾಡು, ದಂಡ, ಟೀ ಮಾತ್ರ ನಿಲ್ಲಲಿಲ್ಲ.

ನಿಂತದ್ದು ಒಂದು ಬೆಳಿಗ್ಗೆ. ಕೆಂಡ ಊದುತ್ತಿದ್ದವನು ಹಾಗೇ ವಾಲಿದ. ಹಿಡಿದುಕೊಳ್ಳಲು ಕೈ ಚಾಚಿದಾಗ ಹಲಗೆಗೆ ತಗುಲಿ ಟೇಪ್ ರೆಕಾರ್ಡರೂ ಅವನ ಜೊತೆಯೇ ನೆಲಕ್ಕೆ ಬಿತ್ತು. ಲಕ್ವ. ಆಸ್ಪತ್ರೆಯಿಂದ ಬರುವಷ್ಟರಲ್ಲಿ ಕಾಲು ಒಂದಿಷ್ಟು ಸುಧಾರಿಸಿತ್ತು, ಬಲಗೈ ಅರ್ಧ ಸುಧಾರಿಸಿತ್ತು. ಮಾತು ಮಾತ್ರ ಬರಲಿಲ್ಲ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅನ್ನುತ್ತಾರೆ. ಇವನ ಮಾತು ಆಡದೆಯೇ ಹೋಯಿತು. ಹೇಳಿದ್ದೆಲ್ಲ ತಿಳಿಯುತ್ತಿತ್ತು. ಬಾಯಿ ತೆರೆದರೆ "ತ... ತ..." ಅಷ್ಟೇ. ಆಮೇಲೆ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗುತ್ತಿದ್ದ. ಬರಬರುತ್ತ ಆ ಪ್ರಯತ್ನವನ್ನೂ ಬಿಟ್ಟ.

ಅವನು ಕಿಟಕಿಯ ಬಳಿ ಕುರ್ಚಿಯಲ್ಲಿ ಕೂರುತ್ತಿದ್ದ. ಇವಳು ಒಬ್ಬಳೇ ಪೆಟ್ಟಿಗೆ ಹಿಡಿಯುತ್ತಿದ್ದಳು. ಎಂಥ ನಿಶ್ಶಬ್ದ ಅಂತೀರಿ! ಕೆಂಡ ಸಿಡಿಯುವುದೂ ಕೇಳುತ್ತಿತ್ತು. ಬಟ್ಟೆ ತಂದವರು ಬಾಗಿಲಲ್ಲೇ ಇಟ್ಟು ಹೋಗುತ್ತಿದ್ದರು. ಬೈಗುಳವಾದರೂ ಸರಿ, ಅವಳಿಗೆ ಅವನ ಬಾಯಿಂದ ಒಂದು ಮಾತು ಬೇಕಿತ್ತು. ಮುರಿದ ಟೇಪ್ ರೆಕಾರ್ಡರನ್ನು ಹಳೆ ಸೀರೆಯಲ್ಲಿ ಸುತ್ತಿ ಬೀರುವಿನ ಮೇಲಿಟ್ಟಿದ್ದಳು. ಅದನ್ನು ನೋಡುವುದೂ ಅವಳಿಂದ ಆಗುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಮಾತು ಕಲಿಸುವ ಮೇಡಂ ಒಬ್ಬರಿದ್ದರು, ತಾಳ್ಮೆಯ ಹೆಂಗಸು. ಅವರು ಒಂದು ದಿನ ಕೇಳಿದರು, "ಇವರಿಗೆ ಚೆನ್ನಾಗಿ ಬರೋ ಹಾಡು ಯಾವುದಾದ್ರೂ ಇದೆಯೇನಮ್ಮ? ಕೆಲವರಿಗೆ ಮಾತು ಬರದಿದ್ರೂ ಹಾಡು ಬರುತ್ತೆ. ಹಾಡಿನ ಹಿಂದೆ ಮಾತೂ ಬಂದ್ರೆ ಬಂತು. ಇನ್ನೂ ತಡ ಮಾಡಬೇಡಿ, ಅವರು ಮನಸ್ಸು ಬಿಡ್ತಾ ಇದ್ದಾರೆ."

ಸಂಜೆ ಮಗಳು ಫೋನಿನಲ್ಲಿ ದೋಣಿಯ ಹಾಡು ಹುಡುಕಿ ಅಪ್ಪನ ಮುಂದಿಟ್ಟಳು. ಹಾಡು ಬಂತು, ತೊಳೆದಿಟ್ಟ ಗಾಜಿನಷ್ಟು ಸ್ಪಷ್ಟ. ಗರಿಗರಿ ತಲೆ ಎತ್ತಿದ. ತುಟಿ ಅಲುಗಿತು. ಅವನು ಒಂದು ಪದಕ್ಕೆ ತಯಾರಾಗುವಷ್ಟರಲ್ಲಿ ಹಾಡು ಮೂರು ಪದ ದಾಟಿ ಹೋಗಿರುತ್ತಿತ್ತು. 'ಬಾಗಿಲು ಹಾಕಬೇಡ' ಬಂತು. ಅದರ ಬೆನ್ನಿಗೇ, ಇಸ್ತ್ರಿಯವಳು ಮದುವೆಯಾದಾಗಿನಿಂದ ಕೇಳದಿದ್ದ ಸಾಲು: 'ಬಾನಿನ ಚಂದಿರನೇ ಸಾಕ್ಷಿ ನನ್ನ ಮಾತಿಗೆ.'

ಅಯ್ಯೋ, ಇಷ್ಟೇನಾ! ಅವಳಿಗೆ ಎಲ್ಲಿಲ್ಲದ ಸಿಟ್ಟು ಬಂತು. ಟೀ ಕೇಳುವ ಜಾಗದಲ್ಲಿ ಈ ಚಂದಿರ ಯಾಕೆ ಬಂದು ಕೂತ? ಗಂಡ ಆಗಲೇ ಗೋಡೆಯ ಕಡೆ ತಿರುಗಿದ್ದ.

ಮಾರನೆಯ ದಿನ ಅವಳೇ ಬೀರುವಿನ ಮೇಲಿನ ಗಂಟು ಇಳಿಸಿ ತಮ್ಮನಿಗೆ ಹೇಳಿ ಕಳಿಸಿದಳು. ತಮ್ಮ ಬಂದ, ಮೇಜಿನ ಮೂಲೆಯಲ್ಲೇ ಕೂತು ಬಿಚ್ಚಿದ, ಒರೆಸಿದ, ಬೆಸುಗೆ ಹಾಕಿದ. ಪಾಪ, ಭಾವನ ಮೇಲಿನ ಪ್ರೀತಿಗೆ ಎಲ್ಲ ಹೊಸದೇ ತಂದಿದ್ದ. ಸೈಕಲ್ ಟ್ಯೂಬಿನ ಉಂಗುರ ಕಿತ್ತು ನೆಲಕ್ಕೆಸೆದು ಹೊಸ ಬೆಲ್ಟು ಕೂರಿಸಿದ. "ನೋಡಕ್ಕ, ಕಂಪನಿಯಿಂದ ಬಂದಾಗಲೂ ಹೀಗೆ ಹಾಡಿರಲ್ಲ!"

ಹಾಡಿತು, ಸರಿಯಾಗಿಯೇ ಹಾಡಿತು. ಗರಿಗರಿ ಕುರ್ಚಿಯ ಅಂಚಿಗೆ ಬಂದು ಕೂತ. ಆದರೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ ಹಾಡು ಒಂದು ಕಡೆ, ಅವನೊಂದು ಕಡೆ. ಖಾಲಿ ಜಾಗ ಬಂದು ಹೋದದ್ದೂ ಅವನಿಗೆ ತಿಳಿಯಲಿಲ್ಲ. "ತ... ತ..." ಅಂದ. ಕಣ್ಣಲ್ಲಿ ನೀರು ತುಂಬಿತು. ಮಗಳು ಎದ್ದು ಅಡುಗೆಮನೆಗೆ ಹೋಗಿಬಿಟ್ಟಳು.

ಇಸ್ತ್ರಿಯವಳು ಆ ಹೊತ್ತಿಗೆ ಮೇಷ್ಟರ ಬಿಳಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು. ನೋಡುತ್ತಾಳೆ, ತೋಳಿನ ಉದ್ದಕ್ಕೂ ಸುಕ್ಕು ಹಾಗೇ ಉಳಿದಿದೆ. ಕೈ ಓಡಿತ್ತು. ಯಾಕೆ ಓಡಿತು? ಹಾಡಿನ ಹಿಂದೆ ಓಡಿತ್ತು. ಅವಳು ಪೆಟ್ಟಿಗೆ ಎತ್ತಿ ಪಕ್ಕಕ್ಕಿಟ್ಟಳು.

"ಹಳೇದು ಹಾಕೋ."

"ಏನು ಹಳೇದಕ್ಕ?"

"ಆ ರಬ್ಬರಿನ ಉಂಗುರ. ಹಾಡು ಓಡ್ತಿದೆ. ನಿಮ್ಮ ಭಾವಂಗೆ ಈ ಹಾಡು ಗೊತ್ತೇ ಇಲ್ಲ ಕಣೋ. ಅವರಿಗೆ ಗೊತ್ತಿರೋದು ಆ ಹಾಡು."

"ಅಯ್ಯೋ ಅಕ್ಕ, ಇದೇ ಸರಿಯಾದ ಸ್ಪೀಡು!"

"ಸರಿಯಾದ್ದನ್ನ ಕಟ್ಕೊಂಡು ನಾನೇನು ಮಾಡ್ಲಿ? ನಂಗೆ ನಮ್ಮ ಮನೇದು ಬೇಕು. ಹಾಕು ಅಂದ್ರೆ ಹಾಕು!"

ಅವಳು ಅಷ್ಟು ಜೋರಾಗಿ ಮಾತಾಡಿದ್ದನ್ನು ತಮ್ಮ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ತೆಪ್ಪಗೆ ಮೇಜಿನ ಕೆಳಗೆ ನುಗ್ಗಿ ಹುಡುಕಿದ. ಉಂಗುರ ಇಲ್ಲ. ಮೂಲೆಯಲ್ಲಿಲ್ಲ, ಕೆಂಡದ ಬುಟ್ಟಿಯ ಹಿಂದಿಲ್ಲ. ಕಡೆಗೆ ಮಗಳು ಒಳಗಿಂದ ಬಂದು, "ಇದಾ ಮಾವ?" ಅಂದಳು. ನೆಲದಲ್ಲಿ ಬಿದ್ದದ್ದನ್ನು ಎತ್ತಿ ಜಡೆಗೆ ಸುತ್ತಿಕೊಂಡಿದ್ದಳು, ಹುಡುಗಿ!

ತಮ್ಮ ಮುಖ ಊದಿಸಿಕೊಂಡೇ ಹೊಸ ಬೆಲ್ಟು ತೆಗೆದು ಹಳೆಯದನ್ನು ಕೂರಿಸಿದ. ಇಸ್ತ್ರಿಯವಳು ಮತ್ತೆ ಪೆಟ್ಟಿಗೆ ಹಿಡಿದಳು. ಗುಂಡಿ ಒತ್ತಿದ ಸದ್ದಾಯಿತು.

ಹಾಡು ಎದ್ದಿತು, ನಿಧಾನಕ್ಕೆ, ಮೈಮುರಿಯುತ್ತ. ದೋಣಿಯವನಿಗೆ ಎಲ್ಲಿಗೂ ಹೋಗುವ ಅವಸರವಿರಲಿಲ್ಲ. ಒದ್ದೆ ಅಂಗಿಯಿಂದ ಆವಿ ಎದ್ದು ಬಿಸಿಲಿಗೆ ಸೇರಿತು. ಮೇಜು, ಕುರ್ಚಿ, ಕಿಟಕಿ ಎಲ್ಲ ಅದರೊಳಗೆ ಮೆಲ್ಲಗೆ ತೇಲಿದ ಹಾಗೆ ಅವಳಿಗೆ ಕಂಡಿತು. ಅವಳ ಕೈ ಹೋಯಿತು, ಬಂತು. ಕುರ್ಚಿಯ ಕಡೆಯಿಂದ ಸಣ್ಣದೊಂದು ಗುಂಯ್ ಅನ್ನುವ ದನಿ. ಅವಳು ತಿರುಗಲಿಲ್ಲ, ತಿರುಗಲು ಭಯ. ದನಿ ಹಾಡಿನ ಪಕ್ಕದಲ್ಲೇ ನಡೆಯಿತು. 'ಹೊತ್ತಾದರೂ' ಅನ್ನುವುದು ಉಸಿರಿನಲ್ಲೇ ಹೋಯಿತು. 'ಬರುವೆ' ಅರ್ಧ ಬಂತು. 'ಬಾಗಿಲು ಹಾಕಬೇಡ' ಪೂರ್ತಿ ಬಂತು.

ಆಮೇಲೆ ಸರಸರ ಸದ್ದು. ಖಾಲಿ ಜಾಗ.

"ಸುಟ್ಟೋಳೇ," ಅಂದ ಗರಿಗರಿ. "ಟೀ ತಾ."

ಮಗಳು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಇಸ್ತ್ರಿಯವಳು ನಿಂತೇ ಇದ್ದಳು, ಕಣ್ಣು ಕಾಣದಷ್ಟು ನೀರು. ಅವಳಿಗೆ ಪ್ರಪಂಚದ ಪರಿವೆಯೇ ಇರಲಿಲ್ಲ. ಮೂಗಿಗೆ ವಾಸನೆ ಬಡಿದ ಮೇಲೆ ಕೆಳಗೆ ನೋಡಿದಳು. ಮೇಷ್ಟರ ಬಿಳಿ ಅಂಗಿಯ ಬೆನ್ನ ಮೇಲೆ ಪೆಟ್ಟಿಗೆಯ ಗುರುತು ಕಂದು ಬಣ್ಣಕ್ಕೆ ಮೂಡಿತ್ತು. ಕುರ್ಚಿಯಲ್ಲಿ ಗರಿಗರಿಯ ಹೊಟ್ಟೆ ಕುಲುಕತೊಡಗಿತು. ಅವನು ಎಡಗೈಯಿಂದ ಕಿಟಕಿಯ ಸರಳು ಹಿಡಿದುಕೊಂಡು ನಗುತ್ತಿದ್ದ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಆ ಒಂದು ಉತ್ತರವನ್ನು ಬಾಕಿ ಇಡುವ ಹೆಂಗಸಲ್ಲ ಅವಳು.

"ಬಂದೆ ಕಣ್ರೀ," ಅಂದಳು. "ಟೀ ಇಲ್ದಿದ್ರೆ ಊರೇನೂ ಮುಳುಗಲ್ಲ."

ಅಡುಗೆಮನೆಯ ಬಾಗಿಲಲ್ಲಿ ನಿಂತು ಮಗಳಿಗೆ ಹೇಳಿದಳು, "ಏ, ಅದನ್ನ ಹಿಂದಕ್ಕೆ ತಿರುಗಿಸೇ. ಇನ್ನೊಂದ್ಸಲ ಹಾಕು."

ಆ ಮಧ್ಯಾಹ್ನ ಹಾಡು ಎಷ್ಟು ಸಲ ಹಿಂದಕ್ಕೆ ತಿರುಗಿತೋ ಯಾರೂ ಲೆಕ್ಕ ಇಡಲಿಲ್ಲ. ಮನೆಯಲ್ಲಿ ಹಾಲು ಮುಗಿಯುವವರೆಗೂ ಟೀ ಆಯಿತು.