ಚುಕ್ಕಿಯ ಕಿವಿಯೋಲೆ

ಹಂಗಳದ ಡೈರಿ ಮುಂದೆ ಹಾಲು ಹಿಡಿದು ನಿಂತ ಹೆಂಗಸರು ಸೊಸೆಯರ ಮೇಲೆ ದೂರು ಹೇಳಿಕೊಳ್ಳುತ್ತಿದ್ದರೆ, ದಾನೇಶ್ವರಿಯ ಬಾಯಲ್ಲಿ ಮಾತ್ರ ಅವಳ ಹಸುವಿನದೇ ಮಾತು. ಚುಕ್ಕಿ ಏನು ತಿಂದಳು, ಯಾರ ಮೇಲೆ ಮುನಿಸಿಕೊಂಡಳು ಎಂಬುದು ಊರಿಗೆಲ್ಲ ಗೊತ್ತಾಗಬೇಕು. ನಗುವವರು ನಗಲಿ. ಹುಟ್ಟುತ್ತಲೇ ತಾಯಿ ಸತ್ತ ಕರುವಿಗೆ ಬಾಟಲಿಯಲ್ಲಿ ಹಾಲು ಕುಡಿಸಿ ಬದುಕಿಸಿದವಳು ಅವಳೇ.

ಹಸುವಿಗೆ ವಿಮೆ ಮಾಡಿಸುವ ಮಾತು ತೆಗೆದವನು ಗಂಡ ಬಸವಪ್ರಸಾದ್.

"ಕಾಯ್ಲೆ ಬಿದ್ರೆ ಔಸ್ದಿ ಖರ್ಚು ಕೊಟ್ಟಾರಾ?" ಎಂದಳು.

"ಕಾಯ್ಲೆಗಿಲ್ಲ ಕಣೆ. ಸತ್ರೆ ಕೊಡ್ತಾರೆ."

"ಬದ್ಕಿಸ್ಕಳಾಕೆ ಒಂದ್ರುಪಾಯಿ ಇಲ್ಲ, ಸತ್ಮೇಲೆ ಕೊಟ್ರೆ ಯಾರ್ಗೆ ಬಂತು? ಬ್ಯಾಡ ಬುಡಿ."

ಆದರೆ ಅದೇ ತಿಂಗಳು ಪಕ್ಕದ ಹೊಲದ ಕರುವನ್ನು ಚಿರತೆ ಎಳೆದೊಯ್ಯಿತು. ದಾನೇಶ್ವರಿ ಹೆದರಿ ಹೂಂ ಅಂದಳು. ವಿಮೆಯವರು ಬಂದು ಚುಕ್ಕಿಯ ಕಿವಿ ಚುಚ್ಚಿ ನಂಬರಿನ ಹಳದಿ ಬಿಲ್ಲೆ ಸಿಕ್ಕಿಸಿದರು. ಹಸುವಿಗಿಂತ ಜಾಸ್ತಿ ಅತ್ತವಳು ಅವಳು.

"ಮಗ್ಳಿಗೆ ವಾಲೆ ಆಕ್ಸುದೆ, ಸೀರೆ ಯಾವಾಗ ಕಣಮ್ಮಿ?" ಎಂದು ಪಕ್ಕದ ಮನೆಯ ಗುರುಸಿದ್ದಮ್ಮ ರೇಗಿಸಿದಳು.

ಶಿವರಾತ್ರಿ ಕಳೆದ ಮೇಲೆ ಚುಕ್ಕಿಗೆ ಕೆಚ್ಚಲು ಬಾವು ಬಂತು. ಹಾಲಿನ ಬದಲು ಕೀವು, ಮೈಯೆಲ್ಲ ಕೆಂಡ. ಗುಂಡ್ಲುಪೇಟೆಯ ಡಾಕ್ಟರನ್ನು ಕರೆಸಿ ಎಂದು ಗಂಡನಿಗೆ ಅಂಗಲಾಚಿದಳು. "ಇನ್ನೊಂದಿನ ನೋಡನ" ಎಂದ. ಮಾರನೆಯ ದಿನ ಕೇಳಿದರೆ, "ಅವ್ರು ಫೋನೇ ಎತ್ತಾಕಿಲ್ಲ ಕಣೆ" ಎಂದ. ಸಂಜೆ ಕೆಚ್ಚಲಿಗೆ ಅರಿಶಿನ, ಲೋಳೆಸರ ಹಚ್ಚುತ್ತ ಕೂತಿದ್ದವಳಿಗೆ, ಜಗಲಿಯಲ್ಲಿ ಅವನು ಯಾರೊಂದಿಗೋ ಮಾತಾಡುವುದು ಕೇಳಿಸಿತು.

"ಇಂಜೆಕ್ಸನ್ನು, ಡ್ರಿಪ್ಪು ಅಂತ ಕಾಸು ಸುರುದ್ರೆ ವಾಪಸ್ ಬಂದದಾ? ಸತ್ರೆ ವಿಮೆ ಅದೆಯಲ್ಲ ಬುಡ್ಲಾ."

ಬೆಳಗಾದರೆ ತಾನೇ ಬಸ್ಸು ಹತ್ತಿ ಡಾಕ್ಟರನ್ನು ಕರೆತರುವುದೆಂದು ನಿಶ್ಚಯಿಸಿದಳು. ಬೆಳಗಾಗುವಷ್ಟರಲ್ಲಿ ಚುಕ್ಕಿ ಕಾಲು ಚಾಚಿ ಪ್ರಾಣ ಬಿಟ್ಟಿದ್ದಳು.

ಬಸವಪ್ರಸಾದ್ ಎದ್ದವನೇ ಬೈಕು ಹತ್ತಿ ಹೋದ. ಹೂವು, ಉಪ್ಪು ತರಲು ಹೋದನೆಂದೇ ಅವಳು ತಿಳಿದಳು. ಸಾಕಿದ ಹಸುವನ್ನು ಆ ಮನೆಯಲ್ಲಿ ಮನುಷ್ಯರಂತೆಯೇ ಮಣ್ಣು ಮಾಡುವುದು. ಊರವರು ಹೊಲದ ಬದುವಿನಲ್ಲಿ ಗುಂಡಿ ತೆಗೆದರು. ದಾನೇಶ್ವರಿ ಚುಕ್ಕಿಯ ಮೈ ತೊಳೆದು ಹಣೆಗೆ ವಿಭೂತಿ ಬಳಿದಳು. ಸತ್ತ ಹೆಂಗಸಿನ ಮೈಮೇಲಿನ ಒಡವೆ ಬಿಚ್ಚುವ ಹಾಗೆ, ಕಿವಿಯ ಬಿಲ್ಲೆಯನ್ನೂ ಕತ್ತರಿಸಿ ತೆಗೆದು ಸೆರಗಿಗೆ ಕಟ್ಟಿಕೊಂಡಳು. ಅಷ್ಟು ಹೊತ್ತಾದರೂ ಗಂಡ ಬರದಿದ್ದಾಗ, ಇನ್ನು ಕಾಯುವುದು ಬೇಡವೆಂದು ಹಿರಿಯರು ಮಣ್ಣು ಎಳೆಸಿದರು.

ಆಮೇಲೆ ಬಂದ ಗಂಡನ ಬೈಕಿನ ಹಿಂದೆ ಗುಂಡ್ಲುಪೇಟೆಯ ಡಾಕ್ಟರು ಕೂತಿದ್ದರು.

"ಓಲೆ ಕಿವಿಯಲ್ಲೇ ಇರಬೇಕಿತ್ತಮ್ಮ, ಫೋಟೊ ತೆಗೀಬೇಕಿತ್ತು" ಎಂದರು ಅವರು, ಬಿಲ್ಲೆ ಕತ್ತರಿಸಿ ಹಸುವನ್ನು ಹೂತ ವಿಷಯ ಕೇಳಿ. "ಹಸುನಾದ್ರೂ ಮೇಲೆತ್ತಿದ್ರೆ ನೋಡಿ ಬರ್ಕೊಡ್ತೀನಿ. ಇಲ್ದಿದ್ರೆ ವಿಮೆ ಬರಲ್ಲ."

ಬಸವಪ್ರಸಾದ್ ಗುದ್ದಲಿಗೆ ಕೈ ಹಾಕಿದ. ದಾನೇಶ್ವರಿ ಹೋಗಿ ಹಸಿ ಮಣ್ಣಿನ ಮೇಲೆ ಕೂತಳು.

"ಎದ್ದೇಳು, ತಗ್ಯನ. ಕೈಗೆ ಬಂದುದ್ನ ಕಳಿಬ್ಯಾಡ."

ಅವಳು ಅವನತ್ತ ತಿರುಗಲಿಲ್ಲ. "ಡಾಕ್ಟ್ರೇ, ಚುಕ್ಕಿ ನರಳ್ತಿದ್ದಾಗ ನೀವ್ ಯಾಕೆ ಫೋನ್ ಎತ್ತನಿಲ್ಲ?"

ಡಾಕ್ಟರು ಬಸವಪ್ರಸಾದನ ಮುಖ ನೋಡಿದರು. "ನಂಗೆ ಯಾವ ಫೋನೂ ಬಂದಿಲ್ವಲ್ಲಮ್ಮ. ಇವ್ರನ್ನ ಇವತ್ತೇ ನೋಡಿದ್ದು."

ಬದುವಿನ ಮೇಲಿದ್ದವರೆಲ್ಲ ತಲೆ ತಗ್ಗಿಸಿದರು. ದಾನೇಶ್ವರಿ ಸೆರಗಿನ ಗಂಟು ಬಿಚ್ಚಿ, ಹಳದಿ ಬಿಲ್ಲೆಯನ್ನು ಗಂಡನ ಕಾಲ ಬಳಿ ಎಸೆದಳು.

"ತಗಳಿ. ನೀವ್ ಸಾಕಿದ್ದು ಇದ್ನೇ. ನಾನ್ ಸಾಕಿದ್ದು ಕೆಳ್ಗದೆ, ಅದ್ನ ಮುಟ್ಬ್ಯಾಡಿ."