ಒಗೆಯದ ಸೀರೆ

ನಾನು ಬಾಡಿಗೆಗಿರುವ ಮನೆಯ ಹಿತ್ತಲಲ್ಲಿ ಮಾಲೀಕರು ಒಂದು ಎಮ್ಮೆ ಕಟ್ಟಿದ್ದಾರೆ. ನಸುಕಿಗೇ ಬಕೀಟಿನಲ್ಲಿ ಹತ್ತಿಕಾಳಿನ ಹಿಂಡಿ ನೆನೆಸಿಡುತ್ತಾರೆ. ಚಿಕ್ಕೋಡಿಯಲ್ಲಿ ನಾಲ್ಕು ದಿನದಿಂದ ಜಿಟಿಜಿಟಿ ಮಳೆ. ಕಿಟಕಿ ಮುಚ್ಚಿದ್ದರೂ ನೆನೆದ ಹಿಂಡಿಯ ಹುಳಿ ವಾಸನೆ ಒಳಗೆ ಬರುತ್ತದೆ. ದಿನವೂ ಬರುವ ವಾಸನೆಯೇ. ಇವತ್ತು ಮಾತ್ರ ಬರೆಯುತ್ತಿದ್ದ ಕೈ ನಿಂತಿತು.

ಬರೆಯುತ್ತಿದ್ದುದು ಒಂದು ಭಾಷಣ. ಸ್ವಯಂಸೇವೆಯಿಂದ ವ್ಯಕ್ತಿಗೂ ಸಮಾಜಕ್ಕೂ ಆಗುವ ಲಾಭಗಳ ಬಗ್ಗೆ ನಾಳೆ ಕಾಲೇಜಿನ ಹುಡುಗರಿಗೆ ಅರ್ಧ ತಾಸು ಮಾತಾಡಬೇಕು. ಹೊಳೆ ಬಂದ ವರ್ಷ ನಾನು ಪರಿಹಾರ ಕೇಂದ್ರದಲ್ಲಿ ಕೆಲಸ ಮಾಡಿದ್ದೆನೆಂದು ಪ್ರಾಚಾರ್ಯರಿಗೆ ಯಾರೋ ಹೇಳಿದ್ದಾರೆ. ಅತಿಥಿ ಉಪನ್ಯಾಸಕಿಗೆ ಒಲ್ಲೆ ಎನ್ನುವ ಶಕ್ತಿ ಇರುವುದಿಲ್ಲ. ಸೇವೆ ಮಾಡಿದವರಿಗೆ ತಮ್ಮ ಮೇಲೆ ನಂಬಿಕೆ ಬರುತ್ತದೆ, ಜನ ಒಬ್ಬರಿಗೊಬ್ಬರು ಹತ್ತಿರವಾಗುತ್ತಾರೆ ಎಂದು ಬರೆದಿದ್ದೆ. ಎರಡೂ ನಿಜ. ಎರಡನ್ನೂ ಹೊಡೆದುಹಾಕಿದೆ... ಆ ಕೇಂದ್ರದಲ್ಲಿ ನಾನು ಮಾವಶಿ, ಎಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದವರು ನೆನಪಾಗಿದ್ದರು.

ಆ ವರ್ಷ ನಾನು ಎಂ.ಎ. ಮುಗಿಸಿ ಮನೆಯಲ್ಲಿ ಕೂತಿದ್ದೆ. ಜುಗೂಳದ ಕಡೆ ಕೃಷ್ಣೆ ಹೊಲ ದಾಟಿ ಊರುಗಳೊಳಗೆ ಬಂದಾಗ, ಎತ್ತರದ ಜಾಗದ ಒಂದು ಶಾಲೆಯಲ್ಲಿ ಕೇಂದ್ರ ತೆರೆದರು. ನಾನೂ ಹೋದೆ. ಸೇವೆಗೆಂದು ಹೋದೆನೋ, ನೌಕರಿ ಯಾವಾಗ ಎಂದು ಕೇಳುವವರಿಂದ ತಪ್ಪಿಸಿಕೊಳ್ಳಲು ಹೋದೆನೋ, ಈಗ ಹೇಳಲಾರೆ. ಶಾಲೆಯ ಕೋಣೆಗಳಲ್ಲಿ ಜನ, ಹಿಂದಿನ ತಗಡಿನ ಶೆಡ್ಡಿನಲ್ಲಿ ದನಕರು. ನನಗೆ ಒಪ್ಪಿಸಿದ್ದು ಚಹಾ.

ಶೆಡ್ಡಿನ ಕೊನೆಯಲ್ಲಿ ಕಟ್ಟಿದ್ದ ಎಮ್ಮೆಯೊಂದರ ಒಡತಿಗೆ ಜ್ವರ ಏರಿ, ಅವಳನ್ನು ಅಥಣಿಯ ದವಾಖಾನೆಗೆ ಒಯ್ದಿದ್ದರು. ಗಂಡನಿಲ್ಲದ ಹೆಂಗಸು; ಆ ಎಮ್ಮೆಯ ಹಾಲಿನ ಮೇಲೇ ಅವಳ ಸಂಸಾರ. ಕರು ಹೊಳೆಯಲ್ಲಿ ಹೋಗಿತ್ತು. ಎಮ್ಮೆ ಯಾರನ್ನೂ ಹತ್ತಿರ ಬಿಡಲಿಲ್ಲ. ಎರಡೇ ದಿನಕ್ಕೆ ಕೆಚ್ಚಲು ಕಲ್ಲಿನಂತಾಯಿತು. ದನದ ಡಾಕ್ಟರು ಹೊಳೆಯ ಆಚೆ ಸಿಕ್ಕಿಬಿದ್ದಿದ್ದರು. ಹೇಗಾದರೂ ಹಾಲು ಇಳಿಸಿ, ಇಲ್ಲವಾದರೆ ಎಮ್ಮೆ ಮುಂದೆ ಹಿಂಡಲು ಬರುವುದಿಲ್ಲ ಎಂದು ಫೋನಿನಲ್ಲೇ ಹೇಳಿದರು. ಹಿಂಡಲು ಬರುವವರು ಬೇಕೆಂದು ಮೊಬೈಲಿನಲ್ಲಿ ಎಲ್ಲರಿಗೂ ಸಂದೇಶ ಕಳಿಸಿದೆವು.

ಮರುದಿನ ರೊಟ್ಟಿಯ ಗಂಟುಗಳನ್ನು ತಂದ ಟೆಂಪೊದಲ್ಲಿ ಮಾವಶಿ ಬಂದರು. ಅಥಣಿ ತಾಲೂಕಿನದೇ ಅನಂತಪುರದ ಕಡೆಯವರು. ಐವತ್ತು ದಾಟಿತ್ತು. ಹೊಲದ ಕೂಲಿ ಮಾಡುವವರು. ಇಲ್ಲಿದ್ದಷ್ಟು ದಿನ ಆ ಕೂಲಿಯೂ ಇಲ್ಲ. ಯಾಕೆ ಬಂದಿರಿ ಎಂದು ನಾನು ಕೇಳಿದ್ದು ದಡ್ಡತನವೇ.

“ತಿಳಿವಳಿಕಿ ಬಂದಾಗಿಂದ ಮಂದಿ ದನದ ಹೆಂಡಿಕಸ ಬಳದೇನಿ ತಂಗಿ. ಕೆಚ್ಚಲಾ ಮುಟ್ಟಾಕ ಒಬ್ರೂ ಬಿಟ್ಟಿಲ್ಲ. ಹಿಂಡಾಕ ಬರ್ರಿ ಅಂತ ಕರದವ್ರು ನೀವ ಮೊದಲು. ಬಿಡ್ತೇನೇನು?”

ಕೊರಳ ಕರಿದಾರದಲ್ಲಿ ಬುದ್ಧನ ಸಣ್ಣ ಪದಕವಿತ್ತು. ಬೌದ್ಧ ಮನೆತನ. ಅವರ ಅಜ್ಜನ ಕಾಲಕ್ಕೆ ಊರ ಹೊರಗೆ ಇಟ್ಟಿದ್ದ ಕೇರಿಯವರು. ತಮ್ಮದೇ ಒಂದು ಎಮ್ಮೆ ಸಾಕಿ ಹಿಂಡುವುದನ್ನು ಕಲಿತಿದ್ದರು.

ಶೆಡ್ಡಿಗೆ ಹೋಗಿ ಎಮ್ಮೆಯನ್ನು ದೂರದಿಂದಲೇ ನೋಡಿದರು. “ಈಕಿ ಮಾಲಕಿನ್ ಸೀರಿ ಐತೇನು? ಒಗದದ್ದ ಬ್ಯಾಡ. ಉಟ್ಟು ಬಿಟ್ಟದ್ದು” ಎಂದರು.

ಒಡತಿಯ ಗಂಟು ಬಿಚ್ಚಿ ಒಂದು ಸೀರೆ ತಂದೆ. ಹಸಿರು ಎಂದು ನೆನಪು. ನೀಲಿಯೂ ಇರಬಹುದು. ಮಾವಶಿ ಅದನ್ನು ತಮ್ಮ ಸೀರೆಯ ಮೇಲೇ ಸುತ್ತಿಕೊಂಡು, ಸೆರಗನ್ನು ಎಮ್ಮೆಯ ಮೂಗಿಗೆ ಹಿಡಿದು ಸುಮ್ಮನೆ ನಿಂತರು. ಎಷ್ಟು ಹೊತ್ತೋ... ಆಮೇಲೆ ಬಗ್ಗಿ ಕೂತರು.

“ನಿಮ್ಮವ್ವ ಬರ್ತಾಳ ಬೇ. ಅಲ್ಲೀತನಕ ನಾನ ನಿಮ್ಮವ್ವ. ಒದಿಬ್ಯಾಡ ಮತ್ತ. ಉಳದಿದ್ದ ನಾಕ ಹಲ್ಲು.”

ಮೊದಲೆರಡು ಹೊತ್ತಿನ ಹಾಲು ಕೆಟ್ಟಿತ್ತು, ಚೆಲ್ಲಿದರು. ಮೂರನೆಯ ಹೊತ್ತಿಗೆ ಹಾಲು ಚೊಕ್ಕ ಬಂತು. ಕೈಗೆ ಗಾಯವಾಗಿದ್ದವರ, ಹಾಸಿಗೆ ಹಿಡಿದವರ ದನಗಳನ್ನೂ ಅವರೇ ಹಿಂಡಿದರು. ಹೊರಗಿನಿಂದ ಹಾಲು ಬರುವುದು ನಿಂತು ಮಕ್ಕಳು ಕರಿ ಚಹಾ ಕುಡಿಯುತ್ತಿದ್ದ ದಿನಗಳವು. ಮಾವಶಿ ಕೊಳಗ ತುಂಬಿ ತಂದು ನನ್ನ ಒಲೆಯ ಹತ್ತಿರ ಇಟ್ಟಾಗ ಅವರ ಮುಖದಲ್ಲಿದ್ದ ಗತ್ತನ್ನು ಮಾತ್ರ ನಾನು ನೆನಪಿನಲ್ಲಿ ಕಟ್ಟಿಕೊಂಡದ್ದಲ್ಲ. ಅದು ಇತ್ತು.

ಮುಂಜಾನೆ ಸಾಲಿನ ಮೊದಲಿಗೆ ನಿಂತಿದ್ದ ಹೆಂಗಸು ಕೇಳಿದಳು, “ಹಾಲು ಯಾರ ಹಿಂಡ್ಯಾರ್ರಿ?”

ಹೇಳಿದೆ.

“ನನಗ ಬ್ಯಾಡ್ರಿ ಬಾಯಾರ. ಪಿತ್ತ ಆಗೈತಿ.”

ಹಿಂದಿದ್ದವಳಿಗೂ ಪಿತ್ತ. ಅವಳ ಹಿಂದಿದ್ದವಳು ಮಗನ ಕೈಯಿಂದ ಕಪ್ಪು ಕಸಿದು ನೆಲದ ಮೇಲಿಟ್ಟಳು. “ಹಂಗಾರ ನಿಮ್ಮ ಪಾಲಿಂದೂ ನನಗ ಹಾಕಲಿ. ನನಗ ಪಿತ್ತ ಇಲ್ಲ” ಎಂದು ಒಬ್ಬ ಮುದುಕ ಎರಡು ಕಪ್ಪು ಕುಡಿದ. ಇನ್ನೂ ಕೆಲವರು ಕುಡಿದರು. ಅರ್ಧಕ್ಕಿಂತ ಹೆಚ್ಚು ಚಹಾ ಪಾತೇಲಿಯಲ್ಲೇ ಆರಿತು.

ಅವರೊಡನೆ ಜಗಳ ಮಾಡಬಹುದಿತ್ತು. ಮನೆ ಮುಳುಗಿಸಿಕೊಂಡು ಬಂದವರಿಗೆ ಬುದ್ಧಿ ಹೇಳಲು ನಾನ್ಯಾರು ಎಂದುಕೊಂಡೆ. ಅದು ಕರುಣೆಯೋ ಹೆದರಿಕೆಯೋ ಈಗಲೂ ಬಿಡಿಸಲಾಗುತ್ತಿಲ್ಲ. ಮರುದಿನ ಒಲೆಯ ಹತ್ತಿರ ನಿಂತು ಗಟ್ಟಿಯಾಗಿ ಕೂಗಿದೆ: “ಬರ್ರಿ, ಇವತ್ತ ಪಾಕೀಟ್ ಹಾಲು ಬಂದಾವ!” ಪಾತೇಲಿಯಲ್ಲಿದ್ದುದು ಮಾವಶಿ ಹಿಂಡಿದ ಹಾಲೇ.

ಎಲ್ಲರೂ ಬಂದರು. ಕೆಲವರು ಎರಡನೆಯ ಸಲವೂ ಬಂದರು.

ಆ ದಿನದ ಡೈರಿ ಈಗ ನನ್ನ ಮುಂದಿದೆ. ‘ಚಹಾದ ಸಮಸ್ಯೆ ಬಗೆಹರಿಯಿತು. ಎಲ್ಲ ಮಕ್ಕಳೂ ಕುಡಿದವು.’ ಅಷ್ಟೇ ಬರೆದಿದ್ದೇನೆ. ಹಾಗೆ ಕೂಗಿ ತಿರುಗಿದಾಗ ಮಾವಶಿ ಆ ಹೊತ್ತು ಹಿಂಡಿದ ಹಾಲಿನ ಕೊಳಗ ಹಿಡಿದು ಬಾಗಿಲಲ್ಲೇ ನಿಂತಿದ್ದರೆಂಬುದು ಅದರಲ್ಲಿಲ್ಲ.

ಪಾತ್ರೆ ತೊಳೆಯುವಾಗ ಅವರೇ ಮಾತು ತೆಗೆದರು. “ಹೆಂಡಿ ಬಳಿಯೂದಿದ್ರ ನನ್ನ ಹೆಸರ ಹಿಡದ ಕೂಗ್ತಾರ ತಂಗಿ. ಹಾಲಿಗಿ ಮಾತ್ರ ಪಾಕೀಟಿನ ಹೆಸರು.”

“ಹುಡುಗ್ರು ಕುಡೀಲಿ ಅಂತ ಹೇಳಿದ್ನಿ ಮಾವಶಿ...”

“ಕುಡೀಲಿ. ನಾ ಬ್ಯಾಡ ಅಂದ್ನೇನು?”

ಸಂಜೆ ಮತ್ತೆ ಆ ಸೀರೆ ಸುತ್ತಿಕೊಂಡು ಹಿಂಡಲು ಕೂತರು. ಇನ್ನೂ ನಾಲ್ಕು ದಿನ ಇದ್ದರು. ನಾಲ್ಕೂ ದಿನ ನಾನು ಪಾಕೀಟ್ ಹಾಲು ಎಂದೆ.

ಐದನೆಯ ಮುಂಜಾನೆ, ಚಹಾದ ಸಾಲು ನಿಂತಿದ್ದಾಗಲೇ, ಎಮ್ಮೆಯ ಒಡತಿ ದವಾಖಾನೆಯಿಂದ ಬಂದಳು. ನಡೆಯಲು ಆಗದಿದ್ದರೂ ಮೊದಲು ಶೆಡ್ಡಿಗೇ ಹೋಗಿ ಕೆಚ್ಚಲು ಒತ್ತಿ ನೋಡಿದಳು. ಮೆತ್ತಗಿತ್ತು. ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಮಾವಶಿ ಹತ್ತಿರ ಹೋದರು.

“ನಾ ಹಿಂಡೇನ್ರಿ ಬಾಯಿ. ನಿಮ್ಮ ಸೀರಿ ಉಟಗೊಂಡ ಹಿಂಡೇನಿ. ಸಿಟ್ಟಾಗಬ್ಯಾಡ್ರಿ.”

ಒಡತಿ ಅವರನ್ನೂ, ಅವರ ಕೊರಳನ್ನೂ, ಸೀರೆಯನ್ನೂ ನೋಡಿದಳು. “ಒಗದೀರೇನು?” ಎಂದಳು.

“ಇಲ್ರಿ. ಒಗದ್ರ ಈಕಿ ಹಾಲು ಇಳಸೂದಿಲ್ಲ.”

“ಹಂಗ ಕೊಡ್ರಿ. ಒಗಿಬ್ಯಾಡ್ರಿ ಯಕ್ಕಾ.”

ಅಲ್ಲೇ ಅದನ್ನು ಮೈಗೆ ಸುತ್ತಿಕೊಂಡಳು ಎಂದು ನನ್ನ ನೆನಪು. ಮಡಚಿ ಕಂಕುಳಲ್ಲಿ ಇಟ್ಟುಕೊಂಡಳೋ ಏನೋ. ಸುತ್ತಿಕೊಂಡಿದ್ದರೂ ಎಮ್ಮೆಗೋಸ್ಕರವೇ ಇರಬಹುದು. ಆದರೆ ಯಕ್ಕಾ ಎಂದದ್ದು ಎಮ್ಮೆಗೋಸ್ಕರ ಅಲ್ಲ.

ಆಮೇಲೆ ನನ್ನ ಕಡೆ ತಿರುಗಿದಳು. “ಇಷ್ಟ ದಿನದ ಹಾಲ ಏನ ಮಾಡಿದ್ರಿ ಬಾಯಾರ?”

ಸಾಲಿನಲ್ಲಿದ್ದವರೆಲ್ಲ ಕೇಳುತ್ತಿದ್ದರು. ಕೈಯಲ್ಲಿ ಕಪ್ಪುಗಳಿದ್ದವು. ಮಾವಶಿಯೂ ನನ್ನನ್ನೇ ನೋಡಿದರು. ಹೇಳಬಹುದಾಗಿದ್ದ ಹೊತ್ತು ಅದೊಂದೇ.

“ಚೆಲ್ಲಿದ್ವ್ರಿ” ಎಂದೆ.

“ಅಯ್ಯ, ಚೆಲ್ಲಿದ್ರ್ಯಾ? ಹುಡುಗ್ರಿಗಾದ್ರೂ ಕುಡಸಬೇಕಿಲ್ರಿ!”

ಮಾವಶಿ ನಕ್ಕುಬಿಟ್ಟರು. ನನಗೆ ಇಂದಿಗೂ ಕೇಳಿಸುವುದು ಆ ನಗು. ಮಧ್ಯಾಹ್ನ ಟೆಂಪೊ ಹತ್ತುವಾಗ ನನ್ನ ಗಲ್ಲ ಮುಟ್ಟಿ, “ಮತ್ತ ಹೊಳಿ ಬಂದ್ರ ಕರಿ ತಂಗಿ, ಬರ್ತೇನಿ. ಆದ್ರ ಆವಾಗ ಚಹಾ ನಾ ಹಂಚತೇನಿ” ಎಂದರು.

ಆ ಕೇಂದ್ರದಿಂದ ನನಗೆ ಲಾಭವಾಗಿದ್ದು ಹೌದು. ದಣಿದು ಮಲಗಿದರೆ ನಿದ್ದೆ ಬರುತ್ತಿತ್ತು. ನಾನೂ ಯಾವುದಕ್ಕೋ ಬೇಕಾದವಳು ಅನ್ನಿಸಿತ್ತು. ಅಲ್ಲಿ ಕೊಟ್ಟ ಪ್ರಮಾಣಪತ್ರ ನೌಕರಿಯ ಅರ್ಜಿಗೂ ಬಂತು. ಮಾವಶಿಗೆ ಪ್ರಮಾಣಪತ್ರ ಕೊಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ನನಗೂ.

ಈ ಬೇಸಿಗೆಯಲ್ಲಿ ಪರೀಕ್ಷೆಯ ಕೆಲಸಕ್ಕೆ ಅಥಣಿಗೆ ಹೋದವಳು, ಬಿಡುವು ಮಾಡಿಕೊಂಡು ಅವರ ಮನೆ ಹುಡುಕಿಕೊಂಡು ಹೋದೆ. ಅವರು ಹೋದ ಚಳಿಗಾಲದಲ್ಲೇ ತೀರಿಕೊಂಡಿದ್ದರು. ನಾನು ನನ್ನ ಗುರುತು ಹೇಳಿದ ಕೂಡಲೇ ಸೊಸೆ, “ಚಹಾದ ಬಾಯಾರ ನೀವ?” ಎಂದಳು. “ಅತ್ತಿ ಭಾಳ ಸಲ ಹೇಳ್ತಿದ್ರಿ. ಒಂದ ಸಾಲಿ ತುಂಬ ಮಂದಿ ನನ್ನ ಕೈಹಾಲ ಕುಡದಾರ ಅಂತ ನಗ್ತಿದ್ರು.”

ಪಾಕೀಟಿನ ವಿಷಯ ಹೇಳುತ್ತಿದ್ದರೇ ಎಂದು ಕೇಳಿದೆ. ಅವಳಿಗೆ ಅದೇನೆಂದು ತಿಳಿಯಲಿಲ್ಲ. ಮಾವಶಿ ಮರೆತಿದ್ದರೋ, ನನ್ನ ಮಾನ ಕಾಯ್ದರೋ... ಕೇಳಲು ಅವರಿಲ್ಲ. ಸೊಸೆ ಚಹಾ ಕೊಟ್ಟಳು, ಕುಡಿದೆ. ನಾನಾಗಿಯೇ ಏನೂ ಹೇಳದೆ ಎದ್ದು ಬಂದೆ. ಹೇಳದೆ ಬಿಟ್ಟದ್ದು ಅದು ಇನ್ನೊಂದು ಸಲ.

ಹಿತ್ತಲಲ್ಲಿ ಬಕೀಟಿನ ಸದ್ದು. ಎಮ್ಮೆ ಹಿಂಡಿ ತಿನ್ನುತ್ತಿದೆ. ಭಾಷಣದ ಹಾಳೆಯಲ್ಲಿ ಹೊಡೆದುಹಾಕಿದ ಸಾಲುಗಳಷ್ಟೇ ಇವೆ. ನಾಳೆ ಎದುರಿಗೆ ಕೂರುವವರಲ್ಲಿ ಹೊಳೆದಂಡೆಯ ಊರುಗಳ ಮಕ್ಕಳಿದ್ದಾರೆ. ಅವರಲ್ಲಿ ಕೆಲವರು ಆಗ ಕಪ್ಪು ಹಿಡಿದು ನನ್ನ ಸಾಲಿನಲ್ಲಿ ನಿಂತಿದ್ದವರೇ. ಅವರು ಕುಡಿದ ಹಾಲು ಯಾರ ಕೈಯದೆಂದು ಅವರಿಗೆ ಗೊತ್ತಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಎಲ್ಲರಿಗೂ ಚಹಾ ಇದೆಯಂತೆ. ಅದನ್ನು ಹಂಚುವ ಮೊದಲೇ ಹೇಳಿಬಿಡಬೇಕು.